ಮುಚ್ಚಳದ ಕೆಳಗಿನ ಕೆನೆ

ಚಿನ್ನೂ, ಬಾಳ್ಯಾ,

ಮುತ್ಯಾ ಹೇಗೆ ಹೋದರು ಎಂದು ನೀವು ಮೊಮ್ಮಕ್ಕಳು ಕೇಳಿದಾಗಲೆಲ್ಲ ನಾನು "ಕಿಡ್ನಿ ಕೆಟ್ಟಿತ್ತು" ಎಂದು ಹೇಳಿ ಒಲೆಯ ಕಡೆ ತಿರುಗಿದ್ದೇನೆ. ಅದು ಸುಳ್ಳಲ್ಲ. ಆದರೆ ಅಷ್ಟೇ ಅಲ್ಲ. ಉಳಿದದ್ದನ್ನು ಬಾಯಿಂದ ಹೇಳುವ ಧೈರ್ಯ ನನಗಿಲ್ಲ. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ಪಕ್ಕದವಳಿಗೆ ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಬರೆದು ತೋರಿಸುತ್ತಿದ್ದೇನೆ. ಹಾಳೆಗಳು ಚಿನ್ನುವಿನ ಹಳೆಯ ಗಣಿತದ ನೋಟಬುಕ್ಕಿನವು.

ಮುತ್ಯಾನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದಾಗ ಚಿನ್ನು ಎರಡನೆಯ ತರಗತಿಯಲ್ಲಿದ್ದಳು, ಬಾಳ್ಯಾ ಇನ್ನೂ ತೊಟ್ಟಿಲಲ್ಲಿದ್ದ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು ಎಂದರು. ಬಸವಕಲ್ಯಾಣದಲ್ಲಿ ಪಾಳಿ ಖಾಲಿ ಇರಲಿಲ್ಲ. ಹುಮನಾಬಾದದಲ್ಲಿ ಸಿಕ್ಕಿತು, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ. ಹುಲಸೂರ ರಸ್ತೆಯ ನಮ್ಮ ಊರಿನಿಂದ ಬಸವಕಲ್ಯಾಣಕ್ಕೆ ಒಂದು ಬಸ್ಸು, ಅಲ್ಲಿಂದ ಹುಮನಾಬಾದಕ್ಕೆ ಇನ್ನೊಂದು. ಹೋಗುವಾಗ ಹೇಗೋ ಹೋಗುತ್ತಿದ್ದರು. ಬರುವಾಗ ಮೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಬಸ್ಸಿನ ಕಂಬ ಹಿಡಿದು ನಿಂತರೆ ಕಾಲು ನಡುಗುವುದು ಲುಂಗಿಯ ಮೇಲೆಯೇ ಕಾಣುತ್ತಿತ್ತು. ಒಮ್ಮೆ ಸಸ್ತಾಪುರ ಬಂಗ್ಲಾದ ಹತ್ತಿರ ಕುಸಿದುಬಿಟ್ಟರು. ಯಾರೋ ಇಬ್ಬರು ಹೆಣ್ಣುಮಕ್ಕಳು ಎದ್ದು ಜಾಗ ಕೊಟ್ಟರು. ಊರವರ ಎದುರು ಎಂದೂ ಹೆಂಡತಿಯ ಪಕ್ಕ ಕೂಡದಿದ್ದ ಮನುಷ್ಯ ಅಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಬಸವಕಲ್ಯಾಣ ಬರುವವರೆಗೆ ಮಲಗಿದರು. ನನಗೆ ನಾಚಿಕೆಯಾಯಿತು. ಆ ನಾಚಿಕೆಗೆ ಈಗ ನನಗೆ ನಾಚಿಕೆ.

ಕಾರು ತೆಗೆದುಕೊಳ್ಳಬೇಕು ಎಂದು ಹಟ ಹಿಡಿದವನು ನಿಮ್ಮ ಅಪ್ಪ. ಅವನು ಟ್ರ್ಯಾಕ್ಟರ್ ಓಡಿಸುತ್ತಿದ್ದ, ಕಾರಿನ ಲೈಸೆನ್ಸೂ ಇತ್ತು. ಅದಕ್ಕಾಗಿ ಇದ್ದ ಒಂದು ಎಮ್ಮೆಯನ್ನು ಮಾರಿದೆವು. ಕೊಳ್ಳಲು ಬಂದವನು ಬೇಮಳಖೇಡದವನು. ಸಂಜೆ ಬಂದ, ತಾನೇ ಕೂತು ಹಾಲು ಹಿಂಡಿದ. ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಮತ್ತೆ ಹಿಂಡಿದ. ನಮ್ಮ ಕಡೆ ಎರಡು ಹೊತ್ತು ಹಿಂಡಿ ನೋಡದೆ ಯಾರೂ ಎಮ್ಮೆ ಕೊಳ್ಳುವುದಿಲ್ಲ. ಬಾಯಿ ತೆಗೆಸಿ ಹಲ್ಲು ನೋಡಿದ, ಅಂಗಳದ ತುಂಬ ನಡೆಸಿದ, ಕೆಚ್ಚಲು ಒತ್ತಿ ನೋಡಿ ಕೇಳಿದ:

"ಈ ಒಂದು ಮಲಿ ಜರಾ ಬಿಗಿ ಅದ ಅಲ್ಲೇನ್ರಿ?"

"ಹೌದು," ಎಂದರು ಮುತ್ಯಾ. "ಹೋದ ವರ್ಷ ಕರು ಸತ್ತಾಗಿಂದ ಹಂಗೇ ಅದ. ಮುಚ್ಚಿಟ್ಟು ಮಾರಿ ನಾ ಎಲ್ಲಿ ಹೋಗ್ಲಿ?"

ಅವನು ಅನುಮಾನಪಟ್ಟ ಎಂದು ನಮಗೆ ಯಾರಿಗೂ ಸಿಟ್ಟು ಬರಲಿಲ್ಲ. ಊಟ ಹಾಕಿ ಕಳಿಸಿದೆವು.

ಕಾರು ಸಿಕ್ಕಿದ್ದು ಚಿಟಗುಪ್ಪದಲ್ಲಿ, ನಿಮ್ಮ ತಾಯಿಯ ಕಾಕಾನ ಹತ್ತಿರ. ಬಿಳಿಯ ಬಣ್ಣದ ಹಳೆಯ ಡೀಸೆಲ್ ಗಾಡಿ. ನಮ್ಮ ಕಷ್ಟ ಕೇಳಿ ತಾವಾಗಿಯೇ ಕೊಡುತ್ತೇವೆ ಎಂದರು. ನಿಮ್ಮ ತಾಯಿ ಅಂದು ಎಷ್ಟು ಖುಷಿಯಾಗಿದ್ದಳೆಂದರೆ, ತವರಿನವರು ಕೈಬಿಡಲಿಲ್ಲ ಎಂದು ಮೂರು ಸಲ ಹೇಳಿದಳು.

ಗಾಡಿ ತರುವ ಹಿಂದಿನ ದಿನ ನಿಮ್ಮ ಅಪ್ಪ ಮೆಲ್ಲಗೆ ಕೇಳಿದ: "ಅಪ್ಪಾ, ತಗೊಳ್ಳೂಕಿಂತ ಮುಂಚೆ ಒಮ್ಮೆ ಹುಮನಾಬಾದದಾಗ ಗ್ಯಾರೇಜ್ ಮಿಸ್ತ್ರಿಗೆ ತೋರಸೋಣೇನ್ರಿ?"

"ತಲಿ ಕೆಟ್ಟದೇನು ನಿಂದು? ಬೀಗರ ಗಾಡಿ ಅದು. ಮಿಸ್ತ್ರಿ ಕರಸಿದ್ರ ಅವರಿಗೆ ಕಳ್ಳರು ಅಂದಂಗ ಆಗ್ತದ. ನಾಳೆ ನಿನ್ನ ಹೇಣ್ತಿ ತವರಮನ್ಯಾಗ ಹ್ಯಾಂಗ ಮಾರಿ ತೋರಸಬೇಕು?"

"ಬೀಗರದಾದ್ರೇನ್ರಿ, ಇಂಜಿನ್ ಇಂಜಿನೇ ಅಲ್ಲ?"

"ಹಂಗಾರ ನಾಳೆ ಬೀಗರು ಬಂದಾಗ ಅವರ ಬಾಯೀನೂ ತೆಗಿಸಿ ಹಲ್ಲು ಎಣಸಿಬಿಡು."

ನಿಮ್ಮ ಅಪ್ಪ ನಕ್ಕುಬಿಟ್ಟ. ನಾನೂ ಬಾಗಿಲ ಹಿಂದೆ ನಿಂತು ನಕ್ಕೆ.

ಮರುದಿನ ಅಮಾವಾಸ್ಯೆ. ಗಾಡಿ ಪೂಜೆಗೆ ಅದೇ ದಿನ ಒಳ್ಳೆಯದು ಎಂದು ಬೀಗರೇ ಗಾಡಿ ನಡೆಸಿಕೊಂಡು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿದ್ದೆವು. ನಾಲ್ಕು ಜನ ಹಿರಿಯರು ಕೂತಿದ್ದರು. ನಾನು ತಲೆಯ ಮೇಲೆ ಸೆರಗು ಹೊದ್ದು, ಆರತಿಯ ತಾಟು ಹಿಡಿದು ಗಾಡಿಯ ಮೂತಿಯ ಪಕ್ಕ ನಿಂತಿದ್ದೆ. ಕಾಕಾ ಬಾನೆಟ್ ಎತ್ತಿದರು.

"ನೋಡ್ರಿ ಬೀಗರ, ಹ್ಯಾಂಗ ಹೊಳಿಯಾಕತ್ತದ. ಮನಿ ಮಗಳಂಗ ನೋಡಿಕೊಂಡೀನಿ."

"ಮಗಳನ್ನೂ ಕೊಟ್ರಿ, ಈಗ ಗಾಡೀನೂ ಕೊಡಾಕತ್ತೀರಿ," ಎಂದು ಮುತ್ಯಾ ನಕ್ಕರು. "ಇಂಜಿನ್ನದಾಗ ಎಣ್ಣಿ ಬರೋಬ್ಬರಿ ಅದಲ್ರಿ?"

"ಅದೇನ್ ಕೇಳ್ತೀರಿ," ಎನ್ನುತ್ತ ಅವರು ಇಂಜಿನ್ನಿಗೆ ಎಣ್ಣೆ ಹಾಕುವ ಕರಿಯ ಮುಚ್ಚಳವನ್ನು ತಿರುವಿ ತೆಗೆದರು. ಅದರ ಕೆಳಮೈ ನನ್ನ ಕಡೆಗಿತ್ತು. ಅದಕ್ಕೆ ಕೆನೆಯಂಥದ್ದೇನೋ ಮೆತ್ತಿಕೊಂಡಿತ್ತು, ಹಾಲು ಹೆಚ್ಚಾದ ಚಹಾದ ಬಣ್ಣ, ದಪ್ಪಗೆ. ಕಾಕಾ ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಒರೆಸಿ ಮತ್ತೆ ಬಿಗಿದರು. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು, ಅಷ್ಟೇ.

ಇಂಜಿನ್ನಿನ ಬಗ್ಗೆ ನನಗೆ ಏನೂ ತಿಳಿಯದು. ಆದರೆ ಮದುವೆಯಾದ ದಿನದಿಂದ ಮಜ್ಜಿಗೆ ಕಡೆದವಳು ನಾನು. ಜಿಡ್ಡು ಮತ್ತು ನೀರು ಸೇರಿ ಕಡೆದರೆ ಯಾವ ಬಣ್ಣ ಬರುತ್ತದೆ ಎಂದು ನನ್ನ ಕಣ್ಣಿಗೆ ಗೊತ್ತು. ಎಣ್ಣೆ ಇರುವಲ್ಲಿ ನೀರು ಹೋಗಿದೆ ಎಂದು ಮನಸ್ಸಿಗೆ ಬಂತು. ಅಲ್ಲಿ ನೀರು ಹೋಗಬಹುದೇ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಬೇಕಾದರೆ ಕೂತ ಬೀಗರ ಎದುರು ಬಾಯಿ ತೆರೆಯಬೇಕು. ನನ್ನ ಹಿಂದೆ ನಿಮ್ಮ ತಾಯಿ ನಗುನಗುತ್ತ ನಿಂತಿದ್ದಳು. ನಾನು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದೆ, ಆರತಿ ಎತ್ತಿದೆ. ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು, ಗಾಡಿ ಅವನ್ನು ಹಿಸುಕಿ ಮುಂದೆ ಹೋಯಿತು. ಪೇಢಾ ಹಂಚಿದರು. ಪೇಢಾ ಹಂಚಿದ ಮೇಲೆ ಮಾತು ಮುಗಿದಂತೆ.

ಬೀಗರು ಹೋದ ಮೇಲಾದರೂ ಮುತ್ಯಾನಿಗೆ ಹೇಳಬಹುದಿತ್ತು. ಅವರು ಮುಂದಿನ ಸೀಟಿನಲ್ಲಿ ಕೂತು, ಸೀಟನ್ನು ಹಿಂದಕ್ಕೆ ಬಾಗಿಸಿ, ಮತ್ತೆ ಎಬ್ಬಿಸಿ, "ಇನ್ನ ಬಸ್ಸಿನ ಕಂಬ ಹಿಡಿಯೂದು ತಪ್ಪಿತು ನೋಡು," ಎಂದರು. ಕಾಯಿಲೆ ಬಂದ ಮೇಲೆ ಆ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ. ಹೇಳಲಿಲ್ಲ.

ಒಂದು ತಿಂಗಳು ಚೆನ್ನಾಗಿಯೇ ಹೋಗಿ ಬಂದೆವು. ಆದರೆ ಪ್ರತಿ ಸಲವೂ ಹೊರಡುವ ಮುನ್ನ ನಿಮ್ಮ ಅಪ್ಪ ರೇಡಿಯೇಟರಿಗೆ ನೀರು ಸುರಿಯಬೇಕಾಗುತ್ತಿತ್ತು, ಮೊದಲು ಅರ್ಧ ಬಾಟಲಿ, ಆಮೇಲೆ ಒಂದು, ಆಮೇಲೆ ಎರಡು. ಕೆಳಗೆ ಮಾತ್ರ ಒಂದು ಹನಿಯೂ ಸೋರುತ್ತಿರಲಿಲ್ಲ. ಫೋನಿನಲ್ಲಿ ಕಾಕಾನನ್ನು ಕೇಳಿದರೆ, "ಹಳೇ ಗಾಡಿ, ಜರಾ ನೀರು ಕುಡೀತದ," ಎಂದರು. ಮುತ್ಯಾನಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. "ನನಗ ಕುಡೀಬ್ಯಾಡ ಅಂದಾರ," ಎಂದು ಅವರು ನಗುತ್ತಿದ್ದರು, "ನನ್ನ ಪಾಲಿಂದೂ ಇದೇ ಕುಡಿಯಾಕತ್ತದ." ನೀರು ಎಲ್ಲಿ ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ, ಹಿಂದಿನ ಸೀಟಿನಲ್ಲಿ ಕೂತು ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ.

ಒಂದು ಶುಕ್ರವಾರ, ದಾರಿಯಲ್ಲಿ ರಾಜೇಶ್ವರ ಎಂಬ ಊರು ಇನ್ನೂ ಬಂದಿರಲಿಲ್ಲ. ಹೆದ್ದಾರಿಯ ಮೇಲೆ ಗಾಡಿ ಗುಡುಗುಡು ಎಂದಿತು, ಬಾನೆಟ್ಟಿನ ಅಂಚಿನಿಂದ ಬಿಳಿಯ ಉಗಿ ಎದ್ದಿತು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸಪ್ಪಳ ಬಂತು, ನಿಂತುಬಿಟ್ಟಿತು. ಗಾಡಿ ಕಾದರೆ ಹತ್ತಬೇಕಾದ ಕೆಂಪು ದೀಪ ಹತ್ತಲೇ ಇಲ್ಲ ಎಂದು ನಿಮ್ಮ ಅಪ್ಪ ಮತ್ತೆ ಮತ್ತೆ ಹೇಳಿದ. ಮಂಗಳವಾರದಿಂದ ತೊಳೆಯದ ರಕ್ತಕ್ಕೆ ಮುತ್ಯಾನ ಕಾಲು ಬಾತಿದ್ದವು. ಬಿಸಿಲಿತ್ತು. ನಾನು ಸೆರಗನ್ನು ಅವರ ತಲೆಯ ಮೇಲೆ ಹಿಡಿದು ನಿಂತೆ. ನಿಮ್ಮ ಅಪ್ಪ ಬಂದ ಗಾಡಿಗೆಲ್ಲ ಕೈ ಮಾಡಿದ. ಕೊನೆಗೆ ಉಳ್ಳಾಗಡ್ಡಿ ಒಯ್ಯುವ ಟೆಂಪೋದವನೊಬ್ಬ ನಿಲ್ಲಿಸಿದ. ಹುಮನಾಬಾದ ಮುಟ್ಟಿದಾಗ ನಮ್ಮ ಪಾಳಿ ಇನ್ನೊಬ್ಬರಿಗೆ ಹೋಗಿತ್ತು. ಅದು ಅವರ ತಪ್ಪಲ್ಲ. ಅಲ್ಲಿ ಕಾಯುವವರೆಲ್ಲ ನಮ್ಮಂಥವರೇ. ಸಿಸ್ಟರ್ ಪಾಪ ಅಲ್ಲಿ ಇಲ್ಲಿ ಹೊಂದಿಸಿ ಮರುದಿನಕ್ಕೆ ಜಾಗ ಮಾಡಿಕೊಟ್ಟಳು. ಆ ಒಂದು ದಿನದಲ್ಲಿ ಅವರ ಎದೆಯಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಸಿಗದೆ, ಕೂತೇ ಇದ್ದರು. ಅಂದಿನಿಂದ ಅವರು ಮೊದಲಿನಂತಾಗಲಿಲ್ಲ.

ಗಾಡಿಯನ್ನು ಎಳೆಸಿಕೊಂಡು ಹುಮನಾಬಾದದ ಒಂದು ಗ್ಯಾರೇಜಿಗೆ ಹಾಕಿದೆವು. ವಯಸ್ಸಾದ ಮಿಸ್ತ್ರಿ ಇಂಜಿನ್ ಬಿಚ್ಚಿ ನಮ್ಮನ್ನು ಕರೆದು ತೋರಿಸಿದ.

"ಇದು ಹಿಂದೊಮ್ಮೆ ಭಾಳ ಕಾದು ಕುದ್ದದ. ಈ ಮ್ಯಾಲಿನ ಭಾಗ ಕಾವಿಗೆ ಬಾಗ್ಯದ. ಮಷೀನಿಗೆ ಹಾಕಿ ಸಪಾಟ ಮಾಡಸಬೇಕಿತ್ತು. ಯಾವನೋ ಹಂಗೇ ಗಮ್ ಹಚ್ಚಿ ಮುಚ್ಚ್ಯಾನ. ಸಂದಿನಾಗಿಂದ ನೀರು ಎಣ್ಣಿಗೆ ಇಳಿದು ಒಳಗೆಲ್ಲ ತಿಂದು ಹಾಕ್ಯದ. ಮ್ಯಾಲ ಕೆಂಪು ದೀಪದ ವೈರೂ ಕಡಿದಾನ, ಹತ್ತಬಾರದು ಅಂತ."

"ಮತ್ತ ಈಗ?" ಎಂದ ನಿಮ್ಮ ಅಪ್ಪ.

"ಈಗೇನದ? ಮಾಡೂದಾದ್ರ ಬ್ಯಾರೆ ಇಂಜಿನ್ನೇ ಕೂಡಸಬೇಕು. ತಗೊಳ್ಳೋ ಮುಂದ ನೋಡಲಿಲ್ಲೇನಪ್ಪಾ? ಎಣ್ಣಿ ಮುಚ್ಚಳ ತೆಗೆದಿದ್ರ ಮಜ್ಜಿಗಿ ಮಜ್ಜಿಗಿ ಕಾಣ್ತಿತ್ತು. ನಮ್ಮ ಮನ್ಯಾಗಿನ ಹೆಣ್ಣಮಕ್ಕಳಿಗೂ ತಿಳೀತದ ಅದು."

ಮುತ್ಯಾ ಒಂದು ಟೈರಿನ ಮೇಲೆ ಕೂತಿದ್ದರು. "ಬೀಗರ ಗಾಡಿ ಇತ್ರಿ," ಎಂದಷ್ಟೇ ಹೇಳಿದರು. ನಾನು ನೆಲ ನೋಡಿದೆ.

ನಿಮ್ಮ ತಾಯಿ ಫೋನಿನಲ್ಲಿ ಕಾಕಾನ ಜೊತೆ ಜಗಳವಾಡಿದಳು. "ಒಮ್ಮೆ ಕುದ್ದಿತ್ತು, ರಿಪೇರಿ ಮಾಡಸೀನಿ. ಛಲೋ ಆಗ್ಯದ ಅಂತ ಮಿಸ್ತ್ರಿ ಅಂದ. ಒಳಗಿಂದು ನನಗೇನ ಗೊತ್ತವ್ವಾ?" ಎಂದರಂತೆ. ಇರಬಹುದು. ಆದರೆ ಒರೆಸಿದ್ದು ಯಾಕೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಎಣ್ಣೆಯ ಮುಚ್ಚಳವನ್ನು ಯಾರಾದರೂ ಒರೆಸಿಯೇ ಹಾಕುತ್ತಾರೆ ಎಂದೂ ಯೋಚಿಸುತ್ತೇನೆ. ಅಂದಿನಿಂದ ನಿಮ್ಮ ತಾಯಿ ಆ ಮನೆಯ ಹೊಸ್ತಿಲು ತುಳಿದಿಲ್ಲ. ಚಿಟಗುಪ್ಪಕ್ಕೆ ಯಾಕೆ ಹೋಗುವುದಿಲ್ಲ ಎಂದು ಕೇಳಿ ನೀವು ಅವಳ ಕೈಯಲ್ಲಿ ಬೈಸಿಕೊಂಡಿದ್ದೀರಲ್ಲ, ಕಾರಣ ಇದು. ಮುತ್ಯಾ ಯಾವುದನ್ನು ಉಳಿಸಲು ಮಿಸ್ತ್ರಿಯನ್ನು ಕರೆಸಲಿಲ್ಲವೋ ಅದೂ ಉಳಿಯಲಿಲ್ಲ.

ಮತ್ತೆ ಬಸ್ಸು. ಈಗ ಅವರಿಂದ ಕಂಬ ಹಿಡಿದು ನಿಲ್ಲುವುದೂ ಆಗುತ್ತಿರಲಿಲ್ಲ. ಮೊದಲು ಒಂದು ಶುಕ್ರವಾರ "ಇವತ್ತು ಬ್ಯಾಡ" ಎಂದರು. ಆಮೇಲೆ ಒಂದು ಮಂಗಳವಾರ. ನಿಮ್ಮ ಅಪ್ಪ ಬಾಡಿಗೆ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದರೆ, "ಪ್ರತಿ ಸಲ ಎಷ್ಟಂತ ಓಡಾಡ್ತಿ, ಹೊಲ ನೋಡು ಹೋಗು," ಎಂದು ಗೋಡೆಯ ಕಡೆ ಹೊರಳುತ್ತಿದ್ದರು. ನಾನು ಕಾಲು ಹಿಡಿದು ಅತ್ತೆ. ಒಮ್ಮೊಮ್ಮೆ ಎದ್ದು ಬರುತ್ತಿದ್ದರು, ಒಮ್ಮೊಮ್ಮೆ ಇಲ್ಲ.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ಅವರಿಗೆ ಅಂಬಲಿ ಕುಡಿಸುತ್ತಿದ್ದೆ. ತಾವಾಗಿಯೇ ಹೇಳಿದರು: "ಗಾಡಿ ತಂದ ದಿನ ಎಲ್ಲಾರೂ ಅಲ್ಲೇ ಇದ್ದೆವು. ಒಬ್ಬರಿಗಾದ್ರೂ ಕಾಣಬಾರದಾ?"

ಚಮಚ ನನ್ನ ಕೈಯಲ್ಲಿ ನಿಂತಿತು. ನನಗ ಕಂಡಿತ್ತು ಎನ್ನಲು ಬಾಯಿ ತೆರೆದೆ. ಅವರು ಇನ್ನೊಂದು ಗುಟುಕಿಗೆಂದು ನಾನು ಬಾಯಿ ತೆರೆದು ತೋರಿಸುತ್ತಿದ್ದೇನೆ ಎಂದು ತಿಳಿದು ತಾವೂ ಬಾಯಿ ತೆರೆದರು. ನಾನು ಅಂಬಲಿ ಹಾಕಿದೆ.

ಎರಡು ಪಾಳಿ ತಪ್ಪಿಸಿದ ವಾರದಲ್ಲಿ, ಬೆಳಿಗ್ಗೆ ಚಹಾದ ಹೊತ್ತಿಗೆ ಹೋದರು. ಅವರಿಗೆ ಗೊತ್ತಾಗದೆಯೇ ಹೋಯಿತು. ಗೊತ್ತಾಗಿದ್ದರೆ ಬೈಯುತ್ತಿದ್ದರು, ನನಗೆ ಬೈಗುಳವಾದರೂ ಉಳಿಯುತ್ತಿತ್ತು.

ಗ್ಯಾರೇಜಿನಿಂದ ಎಳೆಸಿ ತಂದ ಗಾಡಿ ಒಂದು ವರ್ಷ ಮನೆಯ ಹಿಂದೆ ನಿಂತಿತ್ತು. ಬಾಳ್ಯಾ ಸ್ಟೇರಿಂಗ್ ತಿರುವಿ ಆಡುತ್ತಿದ್ದದ್ದು ಅದರಲ್ಲೇ. ಕೊನೆಗೆ ಬಸವಕಲ್ಯಾಣದಿಂದ ಒಬ್ಬ ಬಂದ. ನಿಮ್ಮ ಅಪ್ಪ ಹೊಲದಲ್ಲಿದ್ದ. ಆ ಮನುಷ್ಯ ಗಾಡಿಯ ಸುತ್ತ ತಿರುಗಿ ನೋಡುತ್ತಿದ್ದ. ಪರ ಗಂಡಸಿನ ಎದುರು ಎಂದೂ ಮಾತಾಡದವಳು ಹಿತ್ತಿಲಿಗೆ ಇಳಿದು ಹೋದೆ.

"ಅಣ್ಣಾ, ತಗೊಳ್ಳೋ ಮುಂಚೆ ಆ ಎಣ್ಣಿ ಮುಚ್ಚಳ ತೆಗೆದು ನೋಡ್ರಿ. ಇಂಜಿನ್ ಕೆಟ್ಟದ. ಒಳಗ ನೀರು ಹೋಗ್ಯದ."

ಅವನು ನನ್ನನ್ನು ನೋಡಿ ನಕ್ಕ. ಕೆಟ್ಟ ನಗುವಲ್ಲ. "ನಾ ಗುಜರಿಯಾವ ಇದ್ದೀನವ್ವಾ. ತೂಕಕ್ಕ ಒಯ್ಯಾಕತ್ತೀನಿ. ನೀರು ಹೋದ್ರೇನು, ಎಣ್ಣಿ ಹೋದ್ರೇನು, ನನಗ ಎಲ್ಲಾ ಒಂದೇ."

ಒಂದು ಮಾತು ಆಡಲು ನನಗೆ ಅಷ್ಟು ದಿನ ಬೇಕಾಯಿತು. ಆಡಿದ್ದು ಆ ಮಾತು ಬೇಕಿಲ್ಲದ ಒಬ್ಬನ ಹತ್ತಿರ. ಅವನು ಸರಪಳಿ ಹಾಕಿ ಗಾಡಿ ಎಳೆದುಕೊಂಡು ಹೋದ. ಬಾನೆಟ್ಟಿನ ಮೇಲೆ ನಾನು ಹಚ್ಚಿದ ಕುಂಕುಮದ ಕಲೆ ಇನ್ನೂ ಸ್ವಲ್ಪ ಇತ್ತು.

ಇದನ್ನು ಓದಿದ ಮೇಲೆ ನನ್ನ ಬಗ್ಗೆ ನೀವು ಏನು ಅಂದುಕೊಳ್ಳುತ್ತೀರೋ ತಿಳಿಯದು. ಸಮಾಧಾನ ಹೇಳಬೇಡಿ, ನನಗೆ ಅದು ಒಳಗೆ ಇಳಿಯುವುದಿಲ್ಲ. ನಿಮ್ಮ ತಾಯಿಗೆ ತೋರಿಸಬೇಡಿ. ಅಂದು ನನ್ನ ಹಿಂದೆ ನಗುತ್ತ ನಿಂತಿದ್ದವಳು ಅವಳು, ತನ್ನಿಂದಲೇ ಆಯಿತು ಎಂದುಕೊಳ್ಳುತ್ತಾಳೆ. ಹಾಳೆಗಳನ್ನು ಮುತ್ಯಾನ ಆಸ್ಪತ್ರೆಯ ಫೈಲಿನಲ್ಲಿ, ಪಾಳಿಯ ಚೀಟಿಗಳ ಹಿಂದೆ ಇಡುತ್ತೇನೆ. ಆ ಚೀಟಿಗಳ ಜೊತೆಯಲ್ಲೇ ಇರಲಿ. ಮಳೆಗಾಲದಲ್ಲಿ ಆ ಫೈಲಿರುವ ಪೆಟ್ಟಿಗೆಯ ಮೂಲೆಗೆ ನೀರು ಇಳಿಯುತ್ತದೆ, ಎತ್ತರಕ್ಕೆ ಇಡಿ. ಹರಿಯಬೇಡಿ, ಜೋಪಾನ ಮಾಡಿ.