ಹುಣಸೇದೊಡ್ಡಿ ಹಾಲ್ಟಿನ ಹೊರೆಗಲ್ಲು

ಮಾರಕ್ಕನಿಗೆ ಸಿಟ್ಟು ಬಂದರೆ ಊರ ನಾಯಿಗಳೂ ದಾರಿ ಬಿಡುತ್ತವೆ. ಅವತ್ತು ಬಂದದ್ದು ಅಂಥಾ ಸಿಟ್ಟು. ಚನ್ನಪಟ್ಟಣದ ಈಚೆಗೆ, ರೈಲು ನಿಲ್ಲುವುದನ್ನು ಬಿಟ್ಟು ಎಷ್ಟೋ ವರ್ಷವಾದ ಹುಣಸೇದೊಡ್ಡಿ ಹಾಲ್ಟಿಗೆ ಜೆಸಿಬಿ ಬಂದು ನಿಂತಿತ್ತು. ಟಿಕೆಟ್ ಕೊಡುತ್ತಿದ್ದ ಕೋಣೆಯನ್ನು ಕೆಡವಿಕೊಳ್ಳಲಿ, ಅದರಲ್ಲಿ ಹಾವು ಬಿಟ್ಟರೆ ಇನ್ಯಾರೂ ಇಲ್ಲ. ಆದರೆ ಪಕ್ಕದ ಹೊರೆಗಲ್ಲನ್ನೂ ಕೀಳುತ್ತಾರಂತೆ, ಹಳಿಯ ಪಕ್ಕ ಹಾಕುವ ಬೇಲಿಗೆ ಅಡ್ಡವಂತೆ!

ಎರಡು ಕಂಬ, ಮೇಲೊಂದು ಚಪ್ಪಡಿ, ಅಷ್ಟೇ ಅದು. ತಲೆಹೊರೆಯನ್ನು ಇನ್ನೊಬ್ಬರ ಕೈ ಕಾಯದೆ ಇಳಿಸಿ, ಮತ್ತೆ ಹೊತ್ತುಕೊಳ್ಳಬಹುದು. ಮಾರಕ್ಕನ ಅಕ್ಕ ಚಿಕ್ಕಲಕ್ಷ್ಮಮ್ಮ ತುಂಬಿದ ಬಸುರಿಯಾಗಿ ಸತ್ತಳು. ಹೊಟ್ಟೆಯ ಹೊರೆ ಇಳಿಸದೆ ಹೋದವಳ ಹೆಸರಿನಲ್ಲಿ ದಾರಿಯಲ್ಲಿ ಹೊರೆಗಲ್ಲು ನಿಲ್ಲಿಸುವುದು ಆ ಊರಿನ ಪದ್ಧತಿ. ಅಪ್ಪ ಅದನ್ನು ಸ್ಟೇಷನ್ ಬಳಿಯೇ ನಿಲ್ಲಿಸಿದ. ರಾಮನಗರಕ್ಕೆ ರೇಷ್ಮೆಗೂಡಿನ ಮೂಟೆ, ಅವರೆಕಾಯಿ ಹೊತ್ತು ಹೋಗುವ ಹೆಂಗಸರೆಲ್ಲ ಅಲ್ಲೇ ಉಸ್ಸೆನ್ನುತ್ತಿದ್ದರು. ಈಗ ಬಸ್ಸಿಗೆ ಹೋಗುವುದೂ ಅದೇ ದಾರಿಯಲ್ಲಿ. ಒಂದೊಂದು ಹೊರೆ ಇಳಿದಾಗಲೂ ಅಕ್ಕನಿಗೆ ಒಂದಿಷ್ಟು ಹಗುರಾಗುತ್ತದೆಂದು ಮಾರಕ್ಕ ನಂಬಿದ್ದಾಳೆ.

"ಇಲ್ಲಿ ಯಾರೂ ರೈಲು ಹತ್ತೋರೇ ಇರ್ಲಿಲ್ವಂತಲ್ಲಮ್ಮ," ಎಂದ ಕಂಟ್ರಾಕ್ಟರ್ ಕಡೆಯ ಯೋಗಾನಂದ.

ಅಷ್ಟು ಸಾಕಾಯಿತು. "ಯಾವನ್ಲಾ ಅಂದೋನು? ಜನ ಎಷ್ಟು ಹತ್ತಾರೆ ಅಂತ ನಿಮ್ ಆಫೀಸರು ನೋಡಕ್ಕೆ ಬಂದಾಗ ಊರಿಗೂರೇ ಇಲ್ಲಿತ್ತು ಕಣ್ಲಾ!"

ಇತ್ತು, ನಿಜ. ತಪ್ಪಾದದ್ದೇ ಅಲ್ಲಿ. ದೊಡ್ಡ ಮನುಷ್ಯ ಊರಿಗೆ ಬಂದಿದ್ದಾನೆಂದು ಹಾರ, ಆರತಿ, ಎಳನೀರು. ಹೊರೆಗಳೆಲ್ಲ ಕಲ್ಲಿನ ಸುತ್ತ ಕೂತಿದ್ದವು. ರೈಲು ಬಂತು, ಕೂಗಿತು, ಹೊರಟಿತು. ಬಂದ ನೆಂಟನನ್ನು ನಿಂತಲ್ಲೇ ಬಿಟ್ಟು ಯಾರಾದರೂ ರೈಲು ಹತ್ತುತ್ತಾರೆಯೇ? ಒಬ್ಬರೂ ಹತ್ತಲಿಲ್ಲ. ಆತ ಎಳನೀರು ಕುಡಿದು, ಬಾಯಿ ಒರೆಸಿಕೊಂಡು, ಇಲ್ಲಿ ಹತ್ತುವವರೇ ಇಲ್ಲ ಎಂದು ವರದಿ ಕೊಟ್ಟ. ಉಂಡ ಮನೆಗೆ ಎರಡು ಬಗೆದ. ಸ್ಟೇಷನ್ ಮುಚ್ಚಿತು.

ಯೋಗಾನಂದ ಮೆತ್ತಗಾದ. "ನಾಳೆ ರೈಲ್ವೆಯ ಈಗಿನ ಸಾಹೇಬ್ರು ಬತ್ತಾರೆ. ಒಂದು ಹಾರಗೀರ ಹಾಕಿ, ಚೆನ್ನಾಗಿ ಕೇಳ್ಕೊಳಿ."

"ಹಾರ!" ಮಾರಕ್ಕ ಕ್ಯಾಕರಿಸಿ ಉಗಿದಳು.

ಮರುದಿನ ಸಾಹೇಬರು ಜೀಪಿನಿಂದ ಇಳಿದಾಗ ಯಾರೂ ಕೈಮುಗಿಯಲಿಲ್ಲ. ಊರ ಹೆಂಗಸರು ಸಾಲಾಗಿ ಬಂದರು, ಎಲ್ಲರ ತಲೆಯ ಮೇಲೂ ಹೊರೆ. ಒಬ್ಬೊಬ್ಬರೇ ಕಲ್ಲಿನ ಮೇಲೆ ಇಳಿಸಿದರು, ಉಸ್ಸೆಂದರು, ಮತ್ತೆ ಹೊತ್ತು ಪಕ್ಕಕ್ಕೆ ನಿಂತರು. ಸಾಹೇಬರತ್ತ ಒಬ್ಬಳೂ ತಿರುಗಲಿಲ್ಲ.

ಕೊನೆಯವಳು ಮಾರಕ್ಕ. "ಈಗ ಬರ್ಕೊಳಿ ಸ್ವಾಮಿ, ಜನ ಅವ್ರೆ ಅಂತ," ಎಂದಳು. "ಇದನ್ನ ಕಿತ್ರೆ ನಾಳೆಯಿಂದ ನೀವೇ ಬಂದು ನಮ್ ಹೊರೆ ಇಳಿಸ್ಬೇಕು."

ಸಾಹೇಬರು ಕಲ್ಲನ್ನು ನೋಡಿದರು, ಹೆಂಗಸರನ್ನು ನೋಡಿದರು. ಕಲ್ಲನ್ನು ಬಿಟ್ಟು ಬೇಲಿಯನ್ನು ಸುತ್ತು ಬಳಸಿ ಹಾಕಲು ಯೋಗಾನಂದನಿಗೆ ಹೇಳಿದರು. ಅಷ್ಟರಲ್ಲಿ ಮೈಸೂರಿನ ರೈಲು ನಿಲ್ಲದೆ ಧೂಳೆಬ್ಬಿಸಿಕೊಂಡು ಹೋಯಿತು.

"ಕಲ್ಲು ಉಳೀತಲ್ಲಕ್ಕ, ಸಾಹೇಬ್ರಿಗೊಂದು ಎಳನೀರು ಕೆತ್ಲಾ?" ಎಂದು ಪಕ್ಕದ ಕಾವೇರಮ್ಮ ಪಿಸುಗುಟ್ಟಿದಳು.

"ಬಾಯಾರಿದ್ರೆ ಅವ್ರ ಮನೇಲಿ ನೀರು ಕುಡೀಲಿ," ಎಂದು ಮಾರಕ್ಕ ಗಟ್ಟಿಯಾಗಿಯೇ ಅಂದಳು.