ಅಕ್ಕನ ಮಣ್ಣು

2021ರ ಮೇ ತಿಂಗಳು. ಕೊರೊನಾದ ಎರಡನೇ ಅಲೆ. ಶಹಾಬಾದಿನ ನಮ್ಮ ಓಣಿಯಲ್ಲಿ ಒಂದಲ್ಲ ಒಂದು ಮನೆಯಿಂದ ಅಳುವ ಸದ್ದು ಕೇಳುತ್ತಲೇ ಇತ್ತು. ನಾನು ಬಾಗಿಲು ಹಾಕಿಕೊಂಡು ಒಳಗೇ ಇದ್ದೆ. ನನಗದು ಹೊಸದಲ್ಲ. ಲಾಕ್‌ಡೌನ್ ಎಂಬ ಮಾತು ಜನರ ಬಾಯಿಗೆ ಬರುವ ಮೊದಲೇ ನಾನು ಹಾಗೆ ಬದುಕುವುದನ್ನು ಕಲಿತಿದ್ದೆ. 2019ರಲ್ಲಿ ಹೈದರಾಬಾದಿನಲ್ಲಿ ನನಗೆ ಕಿಡ್ನಿ ಕಸಿ ಆಗಿತ್ತು. ಕಿಡ್ನಿ ಕೊಟ್ಟವಳು ನನ್ನ ಸ್ವಂತ ಅಕ್ಕ ಶರಣಮ್ಮ.

ನಮಗೊಬ್ಬ ಅಣ್ಣನೂ ಇದ್ದಾನೆ, ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಯಲ್ಲಿ. ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದಾಗ ಅವನಿಗೆ ಡ್ಯೂಟಿಯಿಂದ ಬಿಡುವಿರಲಿಲ್ಲ. ಆ ಬಿಡುವು ಅವನಿಗೆ ಕೊನೆಯವರೆಗೂ ಸಿಗಲಿಲ್ಲ. ಅಕ್ಕ ಮಾತ್ರ ಗಂಡನ ಊರು ಚಿಮ್ಮನಚೋಡದಲ್ಲಿ ತೊಗರಿ ರಾಶಿಯನ್ನು ಅರ್ಧಕ್ಕೇ ಬಿಟ್ಟು ಬಂದಳು. "ನನ್ ಬಲ್ಲಿ ಎರಡು ಅವ ಅಲ್ಲ, ಒಂದು ನೀ ಇಟ್ಕೋ" ಅಂದಳು, ಪೆಟ್ಟಿಗೆಯಿಂದ ಸೀರೆ ತೆಗೆದು ಕೊಟ್ಟಷ್ಟು ಸಲೀಸಾಗಿ.

ಕಸಿಯಾದ ಮೇಲೆ ಬದುಕಿರುವವರೆಗೂ ಮಾತ್ರೆ ನುಂಗಬೇಕು. ಹೊರಗಿನಿಂದ ಬಂದ ಕಿಡ್ನಿಯ ಜೊತೆ ಮೈ ಜಗಳಕ್ಕಿಳಿಯಬಾರದೆಂದು ಆ ಮಾತ್ರೆಗಳು ಮೈಯ ಶಕ್ತಿಯನ್ನೇ ತಗ್ಗಿಸಿ ಇಡುತ್ತವೆ. ಬೇರೆಯವರಿಗೆ ಬರಿಯ ನೆಗಡಿಯಾದದ್ದು ನನ್ನನ್ನು ಆಸ್ಪತ್ರೆಗೆ ಸೇರಿಸಬಹುದು. ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು, ಗುಂಪಿನಲ್ಲಿ ಹೋಗಬಾರದು. ಮಣ್ಣಿನಲ್ಲಂತೂ ಕೈ ಹಾಕಲೇಬೇಡಿ, ಅದರಲ್ಲಿ ಬೂಷ್ಟಿನ ರೋಗ ಇರುತ್ತದೆ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಅಂಗಳದ ಮಲ್ಲಿಗೆ ಕುಂಡಕ್ಕೂ ನಮ್ಮ ಯಜಮಾನರೇ ಮಣ್ಣು ಹಾಕುತ್ತಿದ್ದರು.

ಇದನ್ನು ನಮ್ಮ ಜನಕ್ಕೆ ಹೇಳಿ ಹೇಳಿ ಸಾಕಾಗಿತ್ತು. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಎಂದರೆ ಸಾಕು, ಬಾಳೆಹಣ್ಣು ಬಿಸ್ಕೀಟು ಹಿಡಿದುಕೊಂಡು ಮಾತಾಡಿಸಲು ಬರುತ್ತಾರೆ. ಬಂದವರು ಹಾಸಿಗೆಯ ಮೇಲೇ ಕೂರಬೇಕು, ಕೈ ಹಿಡಿದೇ ಮಾತಾಡಬೇಕು. ನಾನು ಕಿಟಕಿಯಿಂದ ಮಾತಾಡಿಸಿ ಕಳಿಸುತ್ತಿದ್ದೆ. ಹೊಸ ಕಿಡ್ನಿ ಬಂದ ಮೇಲೆ ಇವಳಿಗೆ ಸೊಕ್ಕು ಬಂದಿದೆ ಎಂಬ ಮಾತು ವಾಡಿಯಿಂದ ಸೇಡಂವರೆಗೆ ಎಲ್ಲ ನೆಂಟರ ಮನೆಗಳಲ್ಲೂ ಆಯಿತು. ಅಕ್ಕ ನಕ್ಕುಬಿಡುತ್ತಿದ್ದಳು. ಸೊಕ್ಕು ನನ್ನದೇ, ಕಿಡ್ನಿ ಜೊತೆ ಅದೂ ಬಂದಿದೆ ಎನ್ನುತ್ತಿದ್ದಳು.

ಆ ಮೇ ತಿಂಗಳಲ್ಲಿ ಅಕ್ಕನಿಗೆ ಜ್ವರ ಬಂತು. ಊರಿನಲ್ಲಿ ಅರ್ಧ ಜನರಿಗೆ ಜ್ವರವಿತ್ತು. ಟೆಸ್ಟ್ ಮಾಡಿಸಿದರೆ ಹಿಡಿದುಕೊಂಡು ಹೋಗುತ್ತಾರೆ, ಹೆಣವನ್ನೂ ಕೊಡುವುದಿಲ್ಲ ಎಂದು ಎಲ್ಲರೂ ಹೆದರಿದ್ದರು. ಮಾವ, ಎಂದರೆ ಅಕ್ಕನ ಗಂಡ, ಟೈಫಾಯ್ಡ್ ಎಂದು ಸಲೈನ್ ಹಚ್ಚಿಸಿದರು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ನಾನು ಫೋನಿನಲ್ಲಿ ಎಷ್ಟು ಗೋಗರೆದರೂ ಕೇಳಲಿಲ್ಲ. ಕೊನೆಗೆ ನಾನೇ ಬರುತ್ತೇನೆ ಎಂದೆ. ಆಗ ಅಕ್ಕ ಫೋನು ಇಸಿದುಕೊಂಡಳು. ದಮ್ಮು ಹತ್ತಿ ಒಂದೊಂದೇ ಮಾತು ಆಡುತ್ತಿದ್ದಳು.

"ನೀ ಬರಬ್ಯಾಡ ತಂಗಿ. ನನಗ ಏನರ ಆದ್ರೂ ಬರಬ್ಯಾಡ. ನಿನಗೇನರ ಆದ್ರ ನಾ ಕೊಟ್ಟಿದ್ದೂ ದಂಡ ಆಗ್ತದ."

ಅವಳ ದನಿ ಕೇಳಿದ್ದು ಅದೇ ಕೊನೆ. ಮರುದಿನ ಬೆಳಿಗ್ಗೆ ಅಕ್ಕ ಹೋದಳು.

ನಮ್ಮಲ್ಲಿ ಅವರವರ ಹೊಲದಲ್ಲೇ ಹೂಳುತ್ತಾರೆ. ಬಂಧುಗಳು ಒಬ್ಬೊಬ್ಬರಾಗಿ ಒಂದು ಹಿಡಿ ಮಣ್ಣು ಹಾಕಬೇಕು. ಮದುವೆಗೆ ಹೋಗದಿದ್ದರೆ ಹೇಗೋ ಮರೆಯುತ್ತಾರೆ, ಮಣ್ಣಿಗೆ ಹೋಗದಿದ್ದರೆ ಮರೆಯುವುದಿಲ್ಲ. ನಾನು ಹೋಗಲಿಲ್ಲ. ನಮ್ಮ ಯಜಮಾನರೂ ಹೋಗಲಿಲ್ಲ, ಹೋಗಿ ಬಂದರೆ ಅವರು ನನ್ನ ಹತ್ತಿರವೇ ಬರಬೇಕಲ್ಲ. ಅಣ್ಣನಿಗೆ ಮಾತ್ರ ಆ ದಿನ ಬಿಡುವು ಸಿಕ್ಕಿತ್ತು. ಅವನೇ ಮುಂದೆ ನಿಂತು ಹೆಗಲು ಕೊಟ್ಟನಂತೆ. ತಂಗಿಯೆಂದರೆ ಹೀಗಿರಬೇಕೇನು ಎಂದು ನೆರೆದವರ ಮುಂದೆ ಕೇಳಿದನಂತೆ.

ಮರುದಿನ ಮಧ್ಯಾಹ್ನ ಭಂಕೂರಿನ ನಮ್ಮ ಸೋದರತ್ತೆ, ತಮ್ಮ ಮಗನ ಟಂಟಂ ಆಟೋದಲ್ಲಿ ನಮ್ಮ ಮನೆಗೆ ಬಂದರು. ಮಣ್ಣು ಮುಗಿಸಿ, ರಾತ್ರಿ ಅಲ್ಲೇ ಉಳಿದು, ನೇರ ಚಿಮ್ಮನಚೋಡದಿಂದ ಬಂದಿದ್ದರು. ಮುಖಕ್ಕೆ ಮಾಸ್ಕ್ ಇರಲಿಲ್ಲ, ಸೆರಗು ಮಾತ್ರ. ಮಾತಿನ ನಡುವೆ ಕೆಮ್ಮುತ್ತಿದ್ದರು. ಬಾಗಿಲು ತೆಗೆಯಲಿಲ್ಲವೆಂದು ಮೊದಲೇ ಸಿಟ್ಟಿತ್ತು. ಮಡಿಲಿನಿಂದ ಬಿಳಿ ಬಟ್ಟೆಯ ಒಂದು ಗಂಟು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿಟ್ಟರು. ಒಳಗೆ ಒಂದು ಹಿಡಿ ಕಪ್ಪು ಮಣ್ಣಿತ್ತು.

"ಶರಣಿ ಕುಣಿ ಮಣ್ಣದ. ಒಮ್ಮಿ ಮುಟ್ಟಿ ಕೊಡು. ಮೂರ್ ದಿನದ್ದಕ್ಕ ಹೋದಾಗ ನಿನ್ನ ಹೆಸರಲೆ ನಾನೇ ಹಾಕ್ತೀನಿ" ಅಂದರು. ಬರಲಾಗದ ಬಾಣಂತಿಯರಿಗೂ ಹೀಗೇ ಮುಟ್ಟಿಸಿಕೊಂಡು ಹೋಗುತ್ತಾರಂತೆ.

ಅತ್ತೆ ಒಳ್ಳೆಯದನ್ನೇ ನೆನೆದು ತಂದಿದ್ದರು, ಇಲ್ಲವೆನ್ನುವುದಿಲ್ಲ. ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಅದು ಅಕ್ಕನ ಹೊಲದ್ದೇ ಮಣ್ಣು, ಅದರ ಹಸಿ ಇನ್ನೂ ಆರಿರಲಿಲ್ಲ. ಮುಟ್ಟಿ ಎದೆಗೆ ಒತ್ತಿಕೊಳ್ಳಬೇಕೆನಿಸಿತು. ಆದರೆ ಅಕ್ಕ ಆಡಿದ ಮಾತು ಕಿವಿಯಲ್ಲೇ ಇತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. ಒಳಗೆ ಹೋಗಿ ಗ್ಲೌಸ್ ಹಾಕಿಕೊಂಡು ಬಂದೆ. ಅದಕ್ಕಿಂತ ಬೇರೆ ದಾರಿ ನನಗೆ ಹೊಳೆಯಲಿಲ್ಲ.

ಅತ್ತೆ ನನ್ನ ಕೈ ನೋಡಿದರು. ನಾನು ಮುಟ್ಟುವ ಮೊದಲೇ ಗಂಟನ್ನು ಎಳೆದುಕೊಂಡರು.

"ನಿಮ್ಮಕ್ಕನ ಮಣ್ಣದ ಇದು. ಹೊಲಸು ಮುಟ್ಟಿದಂಗ ಮುಟ್ಟತಿಯೇನು? ಆಕಿ ಕಿಡ್ನಿ ತಗೊಳ್ಳಾಗ ನಿನಗ ಹೇಸಿಗಿ ಬರಲಿಲ್ಲೇನು?"

ಅಕ್ಕನೇ ಬರಬೇಡ ಅಂದಿದ್ದಳು ಎಂದೆ. ಸತ್ತವರ ಮೇಲೆ ಹಾಕುವುದು ಸುಲಭ ಎಂದು ಗಂಟು ಕಟ್ಟಿಕೊಂಡು ಟಂಟಂ ಹತ್ತಿದರು. ಕಿಟಕಿಯ ಕಟ್ಟೆಯ ಮೇಲೆ ಸ್ವಲ್ಪ ಮಣ್ಣು ಉದುರಿತ್ತು. ನಮ್ಮ ಯಜಮಾನರು ಅದನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ನಾನು ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದೆ.

ವಾರದೊಳಗೆ ಅತ್ತೆಗೂ ಜ್ವರ ಹಿಡಿಯಿತು. ಮಲಗಿ ಎದ್ದರು. ಎದ್ದವರು ಹೇಳಿದ್ದೇನೆಂದರೆ, ಇಷ್ಟು ವಯಸ್ಸಾದ ನನಗೇ ಏನೂ ಆಗಲಿಲ್ಲ, ಆ ಹರೆಯದವಳು ಮಣ್ಣಿಗೆ ಬಂದಿದ್ದರೆ ಏನಾಗುತ್ತಿತ್ತು? ಎರಡೂ ಕಿಡ್ನಿ ಇದ್ದಿದ್ದರೆ ಶರಣಮ್ಮ ಉಳಿಯುತ್ತಿದ್ದಳು ಎಂದೂ ಜನ ಆಡಿಕೊಂಡರು. ಜ್ವರ ಶ್ವಾಸಕೋಶಕ್ಕೆ ಇಳಿದಿತ್ತು, ಕಿಡ್ನಿಗೂ ಸಾವಿಗೂ ಸಂಬಂಧವಿರಲಾರದು ಎಂದು ನನ್ನ ಡಾಕ್ಟರು ಹೇಳಿದ್ದನ್ನು ಕೇಳುವವರು ಯಾರು? ಮಾವ ನನ್ನ ಫೋನು ಎತ್ತುವುದನ್ನೇ ಬಿಟ್ಟರು.

ಮರುವರ್ಷ ಅಕ್ಕನ ಪುಣ್ಯಸ್ಮರಣೆಯ ದಿನ, ಜನ ಕರಗಿದ ಮೇಲೆ ನಾನೂ ನಮ್ಮ ಯಜಮಾನರೂ ಚಿಮ್ಮನಚೋಡಕ್ಕೆ ಹೋದೆವು. ಅಷ್ಟೊತ್ತಿಗೆ ಊರಲ್ಲಿ ಮಾಸ್ಕ್ ಇದ್ದದ್ದು ನನ್ನ ಮುಖದ ಮೇಲೆ ಮಾತ್ರ. ಹೊಲದಲ್ಲಿ ಅಕ್ಕನ ಗದ್ದುಗೆಯ ಎದುರು ದೂರದಿಂದಲೇ ಕೈ ಮುಗಿದು ಮನೆಗೆ ಹೋದೆವು. ಮಾವ ಕುಂದ್ರಿ ಅನ್ನಲಿಲ್ಲ. ನಾವೇ ಕಟ್ಟೆಯ ಮೇಲೆ ಕುಳಿತೆವು.

ಬಂದವರ ಮುಂದೆ ಮೊದಲು ಒಂದು ಚರಿಗೆ ನೀರು ಇಡುವುದು ನಮ್ಮ ಕಡೆ ಪದ್ಧತಿ, ಆಗದವರಿಗೂ ಇಡುತ್ತಾರೆ. ನನ್ನ ಕುದಿಸಿದ ನೀರಿನ ಬಾಟಲಿ ನನ್ನ ಚೀಲದಲ್ಲೇ ಇರುತ್ತದೆ, ಆ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತು. ಆದರೂ ಕಸಿಯಾದ ಮೇಲೆ ನಾನು ಹೋದಾಗಲೆಲ್ಲ ಅಕ್ಕ ಚರಿಗೆಯನ್ನು ತಿಕ್ಕಿ ತೊಳೆದು ತುಂಬಿ ತಂದು ನನ್ನ ಮುಂದೆ ಇಡುತ್ತಿದ್ದಳು. "ಕುಡಿಬ್ಯಾಡ, ಸುಮ್ನ ಮುಟ್ಟು" ಅನ್ನುತ್ತಿದ್ದಳು. ನಾನು ಮುಟ್ಟಿ ಪಕ್ಕಕ್ಕೆ ಸರಿಸುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಅವಳ ಕಿಡ್ನಿ ಇವತ್ತಿಗೂ ಚೆನ್ನಾಗಿದೆ. ನಾನು ತಪ್ಪು ಮಾಡಿದೆ ಎಂದು ನನಗೆ ಒಂದು ದಿನವೂ ಅನಿಸಿಲ್ಲ, ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಆದರೆ ಆ ಮಧ್ಯಾಹ್ನ ಬಿಸಿಲಿಳಿಯುವವರೆಗೂ ಆ ಕಟ್ಟೆಯ ಮೇಲೆ ಕುಳಿತಿದ್ದೆ. ನಾನು ಕುಡಿಯದ ಆ ನೀರನ್ನು ಯಾರೂ ತಂದಿಡಲಿಲ್ಲ.