ಶೋಭಾಳ ಹೊಡೆತ ಯಾರ ತಪ್ಪು?

ಬೇಸ್‌ಬಾಲ್‌ಗೆ ತರಬೇತಿ ಪಡೆದ ಸ್ಕೋರರ್ ಕೊಡುತ್ತೇವೆ ಎಂದಿದ್ದರು ಪಂದ್ಯ ನಡೆಸುವವರು. ಕಬಡ್ಡಿಗೆ ಸೀಟಿ ಊದುವವರನ್ನು ಕೂರಿಸಿದರು. ತಕರಾರು ಕೇಳುತ್ತೇವೆ ಎಂದಿದ್ದರು, ಕೇಳಲಿಲ್ಲ.

ಗೆಳೆಯರೇ, ಇವತ್ತು ಚಿಕ್ಕೋಡಿ ಮೈದಾನದಲ್ಲಿ ಪಾಲಬಾವಿಯ ಶೋಭಾ ಹೊಡೆದ ಚೆಂಡು ಎದುರು ತಂಡದ ಸುಜಾತಾಳಿಗೆ ಎಟುಕದೆ ಹಾರಿಹೋಯಿತು. ಹಿಡಿಯಲಾಗದಂಥ ಹೊಡೆತ ಹೊಡೆದವಳ ಲೆಕ್ಕಕ್ಕೆ ಸೇರಬೇಕು; ಅದು ಶೋಭಾಳ ಹಿಟ್. ಸ್ಕೋರರ್ ಮಾತ್ರ ‘ಹಿಡಿಯಲಿಲ್ಲ, ಸುಜಾತಾಳ ತಪ್ಪು’ ಎಂದು ಬರೆದರು. ಆ ಒಂದು ಹಿಟ್ ಕಡಿಮೆಯಾಗಿ ಶೋಭಾ ಜಿಲ್ಲಾ ತಂಡಕ್ಕೆ ಆಯ್ಕೆಯಾಗಲಿಲ್ಲ. ಅವಳಿಗೆ ಆಡಲು ಇದೇ ಕೊನೆಯ ವರ್ಷ.

ಸುಜಾತಾಳೇ ಹೋಗಿ ಹೇಳಿದಳು: “ಸರ್, ಚೆಂಡು ನನಗ ನಿಲುಕೇ ಇಲ್ರಿ. ಅದು ಅಕೀ ಹಿಟ್ ಐತ್ರಿ.”

“ನಿನ್ನ ತಪ್ಪು ಅಳಸಾಕ ಬಂದೀ ಏನಬೇ?” ಎಂದರು ಸ್ಕೋರರ್.

ಶೋಭಾ ಅವಳ ಕೈ ಹಿಡಿದು ಎಳೆದಳು. “ಬಾ ಬೇ, ನೀ ಖರೇ ಹೇಳಿದಿ, ಸಾಕು.”

ನಮಗೆ ಸಾಲದು. ಭಾನುವಾರ ಮುಂಜಾನೆ ಹತ್ತಕ್ಕೆ ಅದೇ ಮೈದಾನದಲ್ಲಿ, ಆ ಹಿಟ್ ಶೋಭಾಳ ಹೆಸರಿಗೆ ಬರೆಸಲು ಸಭೆ.